ರೊಟ್ಟಿ ಒಂದಕ್ಕೆ ಇಳಿಸಿದ ಮೇಲೆ: ಸಕ್ಕರೆ ಕಾಯಿಲೆ ಮತ್ತು ನನ್ನ ಅನುಭವ

ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಏರುವುದಿಲ್ಲ ಎಂಬ ನಂಬಿಕೆ ನಮ್ಮ ಕಲಬುರಗಿಯಲ್ಲಿ ಮನೆಮನೆಯಲ್ಲೂ ಇದೆ. ಬಿಳಿ ಅನ್ನಕ್ಕಿಂತ ಜೋಳದಲ್ಲಿ ನಾರು ಹೆಚ್ಚು, ಅದು ನಿಜ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಇರುತ್ತದೆ. ನಮ್ಮ ಮನೆಯ ಒಂದು ರೊಟ್ಟಿಗೆ ಹಿಡಿಯುವ ಹಿಟ್ಟನ್ನು ತೂಗಿ ನೋಡಿದೆ, 60 ಗ್ರಾಂ ಬಂತು. ಅಂದರೆ ರೊಟ್ಟಿಗೆ ಸುಮಾರು 40 ಗ್ರಾಂ ಪಿಷ್ಟ. ಮೂರು ರೊಟ್ಟಿ ತಿಂದು, ಮೇಲೆ ಒಂದಿಷ್ಟು ಅನ್ನ ಸಾರು ಉಂಡರೆ ಅಷ್ಟೂ ಪಿಷ್ಟ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಟೈಪ್ 2 ಮಧುಮೇಹ ಇರುವವರ ಜೀವಕೋಶಗಳು, ಗ್ಲೂಕೋಸನ್ನು ಒಳಗೆ ಸೇರಿಸುವ ಹಾರ್ಮೋನಾದ ಇನ್ಸುಲಿನ್‌ನ ಮಾತು ಸರಿಯಾಗಿ ಕೇಳುವುದಿಲ್ಲ. ಹಾಗಾಗಿ ಬಂದ ಗ್ಲೂಕೋಸ್ ರಕ್ತದಲ್ಲೇ ನಿಂತುಬಿಡುತ್ತದೆ.

ಪಥ್ಯ ಬದಲಿಸುವ ಮೊದಲು ನಾನು ಮಾಡಿದ ಕೆಲಸವೆಂದರೆ ವೈದ್ಯರ ಬಳಿ ಹೋಗಿದ್ದು. ನಾನು ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಎರಡನೆಯದು ಊಟ ಮಾಡಿದರೂ ಬಿಟ್ಟರೂ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಪಿಷ್ಟ ಇಳಿಸಿ ಮಾತ್ರೆಯನ್ನು ಹಾಗೆಯೇ ಮುಂದುವರಿಸಿದರೆ ಶುಗರ್ 70ಕ್ಕಿಂತ (ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ) ಕೆಳಗಿಳಿದು ಕೈಕಾಲು ನಡುಗಿ, ಬೆವರು ಕಿತ್ತು ಬಂದು, ಎಚ್ಚರವೂ ತಪ್ಪಬಹುದು. ವೈದ್ಯರು ಮೊದಲು ಅದನ್ನು ಅರ್ಧಕ್ಕೆ ಇಳಿಸಿದರು, ಮುಂದೆ ನಿಲ್ಲಿಸಿಯೇಬಿಟ್ಟರು. ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ನುಂಗುವವರು ಇನ್ನೂ ಹುಷಾರಾಗಿರಬೇಕು. ಪಿಷ್ಟ ತೀರಾ ಕಡಿಮೆಯಾದರೆ, ಶುಗರ್ ಹೆಚ್ಚಿಲ್ಲದಿದ್ದರೂ ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಆಮ್ಲ ರಕ್ತದಲ್ಲಿ ತುಂಬಿಕೊಳ್ಳುವ ಅಪಾಯ ಅವರಿಗಿದೆ. ಮೊಬೈಲಿನಲ್ಲಿ ಬಂದ ವಿಡಿಯೊ ನೋಡಿ ಮರುದಿನವೇ ಅನ್ನ ರೊಟ್ಟಿ ಬಿಡುವವರನ್ನು ಕಂಡರೆ ನನಗೆ ಭಯವಾಗುವುದು ಇದಕ್ಕೇ.

"ಒಂದೇ ರೊಟ್ಟಿ ತಿಂದರೆ ಹೊಟ್ಟೆ ಹೇಗೆ ತುಂಬುತ್ತದೆ ಮಗಳೇ?" ಎಂದು ಅವ್ವ ಕೇಳಿದಳು. ತುಂಬಿಸುವ ಪದಾರ್ಥಗಳು ನಮ್ಮ ಅಡುಗೆಮನೆಯಲ್ಲೇ ಇದ್ದವು. ಪುಂಡಿ ಪಲ್ಯಕ್ಕೆ ಹಾಕುವ ಜೋಳದ ನುಚ್ಚನ್ನು ಒಂದು ಹಿಡಿಗೆ ಇಳಿಸಿ ತೊಗರಿ ಬೇಳೆ ಹೆಚ್ಚಿಸಿದೆ. ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರಿನಲ್ಲಿ ಕಲಸಿದ ಶೇಂಗಾ ಹಿಂಡಿ (ಚಟ್ನಿ ಪುಡಿ), ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ ತಟ್ಟೆಯ ಮುಕ್ಕಾಲು ಭಾಗ ಹಿಡಿದವು. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ನಮ್ಮ ತೊಗರಿಯ ಬೇಳೆಯಲ್ಲಿ ಐದನೇ ಒಂದು ಭಾಗ ಪ್ರೋಟೀನ್. ಆದರೆ ಅರ್ಧಕ್ಕಿಂತ ಹೆಚ್ಚು ಪಿಷ್ಟವೂ ಇದೆ, ಆದ್ದರಿಂದ ಬೇಳೆಗೂ ಬಟ್ಟಲಿನ ಲೆಕ್ಕ ಇಟ್ಟೆ. ಮೂತ್ರಪಿಂಡದ ತೊಂದರೆ ಇರುವವರು ಬೇಳೆ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು. ಬೆಳಗಿನ ಚುರುಮುರಿ ಸೂಸಲದ ಜಾಗಕ್ಕೆ ಮೊಳಕೆ ಬಂದ ಮಡಿಕೆ ಕಾಳಿನ ಉಸುಳಿ ಬಂತು. ಚುರುಮುರಿ ಹಗುರವಾಗಿದ್ದರೂ ಅದು ಅಕ್ಕಿಯೇ ತಾನೆ.

ಊಟಕ್ಕೆ ಮೊದಲು ಮತ್ತು ಊಟ ಶುರು ಮಾಡಿದ ಎರಡು ಗಂಟೆಗೆ ಗ್ಲೂಕೋಮೀಟರ್‌ನಲ್ಲಿ ನೋಡಿ, ಏನು ಉಂಡೆ ಎಂಬುದರ ಪಕ್ಕದಲ್ಲೇ ಅಂಕಿ ಬರೆಯುತ್ತಿದ್ದೆ. ಮೂರು ರೊಟ್ಟಿಯ ಊಟಕ್ಕೆ 240ರ ಆಸುಪಾಸು ಇರುತ್ತಿದ್ದ ಅಂಕಿ, ಒಂದು ರೊಟ್ಟಿಯ ಊಟಕ್ಕೆ 160ರ ಹತ್ತಿರ ನಿಂತಿತು. ಪಲ್ಯ, ಬೇಳೆ ಮೊದಲು ತಿಂದು ರೊಟ್ಟಿಯನ್ನು ಕೊನೆಗೆ ಮುರಿದರೆ ಇನ್ನೂ ಸ್ವಲ್ಪ ಇಳಿಯಿತು. ನಾರು, ಪ್ರೋಟೀನ್, ಎಣ್ಣೆಯ ಅಂಶ ಹೊಟ್ಟೆಗೆ ಮೊದಲು ಸೇರಿದರೆ ಪಿಷ್ಟ ಕರುಳಿಗೆ ನಿಧಾನವಾಗಿ ಇಳಿಯುತ್ತದೆ.

ಹಟ ಹಿಡಿದಿದ್ದು ಬೆಳಗಿನ ಖಾಲಿ ಹೊಟ್ಟೆಯ ಶುಗರ್. ರಾತ್ರಿ ಬರೀ ಪಲ್ಯ ತಿಂದು, ಮಜ್ಜಿಗೆ ಕುಡಿದು ಮಲಗಿದರೂ ಬೆಳಿಗ್ಗೆ 140 ತೋರಿಸುತ್ತಿತ್ತು. ನಸುಕಿನಲ್ಲಿ ಕಾರ್ಟಿಸೋಲ್‌ನಂಥ ಹಾರ್ಮೋನುಗಳು ಏರಿದಾಗ ಯಕೃತ್ತು ತಾನೇ ಗ್ಲೂಕೋಸ್ ಬಿಡುತ್ತದೆ, ಊಟಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ ಎಂದು ವೈದ್ಯರು ತಿಳಿಸಿ ಹೇಳಿದರು. ತೂಕ ಇಳಿದ ಹಾಗೆ, ಊಟವಾದ ಕೂಡಲೇ ನಡೆಯುವ ರೂಢಿ ಬಿದ್ದ ಹಾಗೆ ಅದೂ ಇಳಿಯಿತು. ನಡೆಯುವಾಗ ಸ್ನಾಯುಗಳು ಇನ್ಸುಲಿನ್‌ಗಾಗಿ ಕಾಯದೆ ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಎರಡು ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ ಶೇ 8.9ರಿಂದ 6.8ಕ್ಕೆ ಬಂದಿದೆ. ಮೆಟ್‌ಫಾರ್ಮಿನ್ ಮಾತ್ರ ಮುಂದುವರಿದಿದೆ.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕುಳಿತಾಗ ಕಾಳು ಸೊಪ್ಪಿನ ಭಜ್ಜಿಯನ್ನು ಹೊಟ್ಟೆ ತುಂಬ ಉಣ್ಣುತ್ತೇನೆ. ಸಜ್ಜೆ ರೊಟ್ಟಿ ಅರ್ಧ, ಹೋಳಿಗೆ ಒಂದು ತುಂಡು. ಆ ದಿನದ ಅಂಕಿಯನ್ನೂ ಪುಸ್ತಕದಲ್ಲಿ ಬರೆಯುತ್ತೇನೆ.