ಕ್ಯಾಂಪಸ್ಸಿನ ಹೊರಾಂಗಣವನ್ನು ಅಳೆಯುವ ಬಗೆ

2004ರಲ್ಲಿ ಆರಂಭವಾದ ತುಮಕೂರು ವಿಶ್ವವಿದ್ಯಾನಿಲಯದಂತಹ ಕ್ಯಾಂಪಸ್ಸಿನಲ್ಲಿ ಹೊರಾಂಗಣವು ಬಳಸುವವರಿಗೆ ಎಷ್ಟು ಒದಗಿಬರುತ್ತಿದೆ ಎಂದು ತಿಳಿಯಬೇಕಾದರೆ, ಪ್ರಶ್ನಾವಳಿ ಹಂಚುವ ಮೊದಲು ಸುಮ್ಮನೆ ಗಮನಿಸುವುದು ಲೇಸು. ಆವರಣದ ನಕ್ಷೆಯ ಪ್ರತಿಗಳನ್ನು ಹಿಡಿದು, ಬೆಳಿಗ್ಗೆ, ಊಟದ ಬಿಡುವಿನಲ್ಲಿ ಮತ್ತು ಸಂಜೆ ಒಂದೇ ದಾರಿಯಲ್ಲಿ ಸುತ್ತಿ, ಎಲ್ಲೆಲ್ಲಿ ಜನ ಕುಳಿತಿದ್ದಾರೆ, ನಿಂತಿದ್ದಾರೆ, ಓದುತ್ತಿದ್ದಾರೆ ಎಂಬುದನ್ನು ಬೇರೆ ಬೇರೆ ಚಿಹ್ನೆಗಳಿಂದ ಗುರುತಿಸಿ. ಹೆಸರು, ಫೋಟೊ ಬೇಡ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್ ಅವರು ಅನಿವಾರ್ಯ ಚಟುವಟಿಕೆಯನ್ನೂ ಐಚ್ಛಿಕ ಚಟುವಟಿಕೆಯನ್ನೂ ಬೇರ್ಪಡಿಸಿರುವುದು ಇಲ್ಲಿ ಬಹಳ ಉಪಯುಕ್ತ: ತರಗತಿಗೆ ನಡೆದುಹೋಗುವವರ ಸಂಖ್ಯೆಯಿಂದ ಜಾಗದ ಗುಣ ತಿಳಿಯುವುದಿಲ್ಲ, ತರಗತಿ ಮುಗಿದ ಮೇಲೂ ಅಲ್ಲೇ ಉಳಿಯುವವರ ಸಂಖ್ಯೆಯಿಂದ ತಿಳಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ನೋಡದೆ ತೀರ್ಮಾನಕ್ಕೆ ಬರಬೇಡಿ. ಹೊಂಗೆ ಮರದ ನೆರಳು ಮಧ್ಯಾಹ್ನ ಎತ್ತ ಸರಿಯುತ್ತದೆ, ಕಲ್ಲುಬೆಂಚು ಆ ನೆರಳಿನೊಳಗಿದೆಯೇ ಎಂಬುದನ್ನೂ ನಕ್ಷೆಯಲ್ಲೇ ಬರೆದುಕೊಳ್ಳಿ. ಖಾಲಿ ಬೆಂಚನ್ನು ಕಂಡ ಕೂಡಲೇ ವಿದ್ಯಾರ್ಥಿಗಳಿಗೆ ಆಸಕ್ತಿಯಿಲ್ಲ ಎನ್ನುವುದು ಆಡಳಿತ ಕಚೇರಿಗಳ ಹಳೆಯ ಚಾಳಿ. ಗಾಲಿಕುರ್ಚಿಯ ಇಳಿಜಾರು 1:12ಕ್ಕಿಂತ (ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿ ಏರು) ಕಡಿದಾಗಿದ್ದರೆ ಅದನ್ನು ದೋಷವೆಂದೇ ದಾಖಲಿಸಿ. ಆಮೇಲೆ ವಿದ್ಯಾರ್ಥಿನಿಯರನ್ನು, ತೋಟದ ಕೆಲಸದವರನ್ನು, ಕಾವಲುಗಾರರನ್ನು ಮಾತನಾಡಿಸಿ. ಆಗಲೂ ‘ತೃಪ್ತಿಯಿದೆಯೇ’ ಎಂದು ಕೇಳುವುದಕ್ಕಿಂತ ‘ನಿನ್ನೆ ಊಟದ ಡಬ್ಬಿಯನ್ನು ಎಲ್ಲಿ ಕುಳಿತು ತೆರೆದಿರಿ, ಏಕೆ ಅಲ್ಲಿ’ ಎಂದು ಕೇಳಿದರೆ ನಿಜವಾದ ಉತ್ತರ ದೊರೆಯುತ್ತದೆ.