ಬೈಕಿಗೆ ವಿಂಡ್‌ಶೀಲ್ಡ್ ಕೊಳ್ಳುವ ಮುಂಚೆ ಒಮ್ಮೆ ಎದ್ದು ನಿಂತು ನೋಡಿ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಕುಂಬಳೆ ದಾಟಿ ವೇಗ 70 ಆದರೆ ಸಾಕು, ನನ್ನ ಹೆಲ್ಮೆಟ್ ಗಡಗಡ ಅಲುಗುತ್ತಿತ್ತು. ಎತ್ತರದ ಶೀಲ್ಡ್ ಹಾಕಿದರೆ ಸರಿಹೋಗುತ್ತದೆ ಅಂತ ಅಂಗಡಿಯವರು ಹೇಳಿದರು, ನಾನೂ ಸುಮ್ನೆ ನಂಬಿ ಹಾಕಿಸಿದೆ, ಅಲುಗಾಟ ಇನ್ನೂ ಜಾಸ್ತಿಯಾಯಿತು!

ಎದೆಗೆ ಬೀಸುವ ಗಾಳಿಯಿಂದ ಇಷ್ಟು ತೊಂದರೆ ಇಲ್ಲ. ಶೀಲ್ಡಿನ ಮೇಲಂಚು ದಾಟಿದ ಗಾಳಿ ಸುಳಿಸುಳಿಯಾಗಿ ತಲೆಗೆ ಹೊಡೆಯುತ್ತದಲ್ಲ, ತಲೆನೋವು ಅದರದ್ದು. ಹಾಗಾಗಿ ಮೊದಲು ನೇರವಾದ ಖಾಲಿ ರಸ್ತೆಯಲ್ಲಿ ಫುಟ್‌ರೆಸ್ಟ್ ಮೇಲೆ ನಾಲ್ಕು ಬೆರಳಿನಷ್ಟು ಎದ್ದು ನೋಡಿ, ಆಮೇಲೆ ಅಷ್ಟೇ ಬಗ್ಗಿ ನೋಡಿ. ಎದ್ದಾಗ ಅಲುಗಾಟ ನಿಂತರೆ ಗಿಡ್ಡ ಶೀಲ್ಡ್ ಸಾಕು. ಬಗ್ಗಿದಾಗ ನಿಂತರೆ ಎತ್ತರದ್ದು ಬೇಕು.

ಎತ್ತರದ್ದೇ ಆದರೂ ಅಂಚು ಮೂಗಿನ ಮಟ್ಟ ದಾಟಬಾರದು. ನಮ್ಮ ಕಡೆಯ ಜೂನ್ ಮಳೆಯಲ್ಲಿ ಶೀಲ್ಡಿನ ಮೂಲಕ ನೋಡುತ್ತಾ ಓಡಿಸಲು ಆಗುತ್ತದಾ? ಅದಕ್ಕೆ ವೈಪರ್ ಇಲ್ಲ ಅಲ್ವಾ.

ಕೋನ ಬದಲಿಸಲು ಬರುವ ಬ್ರಾಕೆಟ್ ಇದ್ದರೆ ಒಳ್ಳೆಯದು, ಒಂದು ಸಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಶೀಲ್ಡಿನ ಬುಡದಲ್ಲಿ ಸಂದು ಬಿಟ್ಟರೆ ಕೆಳಗಿಂದ ಗಾಳಿ ನುಗ್ಗಿ ಹಿಂದಿನ ಸುಳಿ ಕಡಿಮೆಯಾಗುತ್ತದೆ. ನನ್ನದು ಕೊನೆಗೆ ಸರಿಹೋದದ್ದು ಎರಡು ವಾಷರ್ ಸೇರಿಸಿ ಆ ಸಂದು ಮಾಡಿದ ಮೇಲೆ.

ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಶೀಲ್ಡ್ ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಬೇಗ ಗೀರು ಬೀಳುತ್ತದೆ. ಪೆಟ್ರೋಲ್ ಹಾಕಿ ಒರೆಸಬೇಡಿ, ನೀರು, ಮೆತ್ತಗಿನ ಬಟ್ಟೆ ಸಾಕು.