ಮಳೆಗಾಲಕ್ಕೆ ಮುನ್ನ ಕೋವಿಗೆ ಯಾವ ಎಣ್ಣೆ?

ಶಿರಸಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ವರ್ಷದ ಬಹುಪಾಲು ಬೀರುವಿನಲ್ಲೇ ಮಲಗಿರುತ್ತದೆ. ಹಂದಿ, ಮಂಗಗಳ ಮೇಲೆ ಸಿಡಿಸಿ ಸವೆದ ನಳಿಗೆಯನ್ನು ನಾನು ಕಂಡಿಲ್ಲ. ನಾನು ಕಂಡ ಹಾಳು ನಳಿಗೆಗಳೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೂ ಕೈಗೆ ಸಿಕ್ಕಿದ ಎಣ್ಣೆ ಸುರಿಯುವವರ ಉತ್ಸಾಹಕ್ಕೂ ಬಲಿಯಾದವು.

ಎಣ್ಣೆಯ ಮಾತಿಗೆ ಮುನ್ನ ಕೋವಿ ಖಾಲಿಯಿದೆಯೇ ನೋಡಿ. ತೋಟಾ (ಕಾರ್ಟ್ರಿಜ್) ಹಾಕುವ ಕೋವಿಯಾದರೆ ಕೀಲಿನಲ್ಲಿ ಬಗ್ಗಿಸಿ ತೆರೆದು ಬೆರಳಿಟ್ಟು ಪರೀಕ್ಷಿಸಿ. ಬಾಯಿಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹಾರಿಸುವ ಕೇಪಿನ ಕೋವಿಯಲ್ಲಿ ಕೇಪು ತೆಗೆದು, ಸಲಾಕೆಯನ್ನು ನಳಿಗೆಗೆ ಇಳಿಸಿ, ಅದು ಎಷ್ಟು ಆಳಕ್ಕೆ ಹೋಯಿತೆಂದು ಹೊರಗಿನ ಉದ್ದದೊಂದಿಗೆ ಹೋಲಿಸಿ. ಅಳತೆ ಕಡಿಮೆ ಬಂದರೆ ಒಳಗೆ ಮದ್ದು ಇದ್ದೀತು, ಮುಂದುವರಿಯಬೇಡಿ.

ಏನು ಬಳಸಬೇಕೆಂಬುದು ಒಳಗೆ ಸುಟ್ಟ ಮದ್ದಿನ ಮೇಲೆ ನಿಂತಿದೆ. ಕೇಪಿನ ಕೋವಿಯ ಕರಿಮದ್ದು ಸುಟ್ಟ ಮೇಲೆ ಉಳಿಯುವ ಮಸಿಯಲ್ಲಿ ಪೊಟ್ಯಾಸಿಯಂ ಲವಣಗಳಿರುತ್ತವೆ. ಅವು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತವೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಆ ಮಸಿಯ ಮೇಲೆ ಖನಿಜ ತೈಲ ಹಾಕಿದರೆ ಡಾಂಬರಿನಂಥ ಅಂಟಾಗುತ್ತದೆ, ತುಕ್ಕು ಅದರಡಿಯಲ್ಲಿ ನೆಮ್ಮದಿಯಾಗಿ ಬೆಳೆಯುತ್ತದೆ. ಇಲ್ಲಿ ಒಳ್ಳೆಯ ದ್ರಾವಕವೆಂದರೆ ಬಚ್ಚಲ ಹಂಡೆಯ ಬಿಸಿನೀರು, ಸ್ವಲ್ಪ ಸಾಬೂನು. ಹಾರಿಸಿದ ದಿನವೇ ತೊಳೆಯಿರಿ. ನೀರು ಬಿಸಿಯಿದ್ದಷ್ಟೂ ನಳಿಗೆ ಬೇಗ ಒಣಗುತ್ತದೆ. ಒಣ ಬಟ್ಟೆ ಒದ್ದೆಯಾಗದೆ ಹೊರಬರುವವರೆಗೆ ಒರೆಸಿ, ಆಮೇಲೆ ಎಣ್ಣೆ.

ತೋಟಾದ ಹೊಗೆರಹಿತ ಮದ್ದಿಗೆ ನೀರಿನ ಗೊಡವೆಯಿಲ್ಲ. ಅಲ್ಲಿ ಅಂಟಿರುವುದು ಇಂಗಾಲ, ಸೀಸದ ಸವಕಲು, ತೋಟಾದೊಳಗೆ ಮದ್ದಿಗೂ ಚರೆಗೂ (ಸಣ್ಣ ಗುಂಡುಗಳಿಗೂ) ನಡುವೆ ಇರುವ ಪ್ಲಾಸ್ಟಿಕ್ ವಾಡ್‌ನ ಪೊರೆ. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ; ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಸಾಕು. ಬಟ್ಟೆಯಲ್ಲಿ ಅದ್ದಿ ಎಳೆದು, ಸ್ವಲ್ಪ ಹೊತ್ತು ಬಿಟ್ಟು, ಕಂಚಿನ ಬ್ರಷ್‌ನಿಂದ ಉಜ್ಜಿ. ಕೋವಿ ಅಂಗಡಿಯಲ್ಲಿ ಹಾಪ್ಸ್ ನಂಬರ್ 9 ಸಿಕ್ಕರೆ ಬೇಡವೆನ್ನಬೇಡಿ, 1903ರಿಂದ ಬಂದಿರುವ ದ್ರಾವಕ ಅದು. ಅಮೋನಿಯಾ ಹಾಕಿದ ದುಬಾರಿ ಸೀಸೆ ಮಾತ್ರ ನಮಗೆ ಬೇಡ. ಅದು ರೈಫಲ್ ಗುಂಡಿನ ತಾಮ್ರ ಬಿಡಿಸಲಿಕ್ಕೆ. ನಮ್ಮ ಚರೆಗಳಲ್ಲಿರುವುದು ಸೀಸ. ಪೆಟ್ರೋಲ್ ಬಳಸುವವರಿಗೆ ನನ್ನ ಹತ್ತಿರ ಮಾತಿಲ್ಲ. ಟರ್ಪೆಂಟೈನ್ ಕೆಲಸವೂ ಗಾಳಿಯಾಡುವ ಜಗಲಿಯಲ್ಲಿ, ಒಲೆಯಿಂದ ದೂರ ನಡೆಯಲಿ. ಮುಗಿದ ಮೇಲೆ ಕೈ ತೊಳೆಯದೆ ಕವಳ (ಎಲೆ-ಅಡಿಕೆ) ಹಾಕಬೇಡಿ, ಬೆರಳಿನಲ್ಲಿ ಸೀಸವಿರುತ್ತದೆ.

ತೊಳೆದದ್ದರಿಂದಲೇ ಕಾವಲು ಆಗುವುದಿಲ್ಲ. ಟರ್ಪೆಂಟೈನ್ ಆರಿದ ಮೇಲೆ ಕಬ್ಬಿಣ ಬತ್ತಲೆ. ಡಬ್ಲ್ಯೂಡಿ-40 ಸಿಂಪಡಿಸಿ ಬೀರು ಮುಚ್ಚುವವರಿದ್ದಾರೆ. ಅದು ನೀರನ್ನು ಹೊರದಬ್ಬಲು ಮಾಡಿದ್ದು, ಒದ್ದೆಯಾದ ಕೋವಿಗೆ ಸರಿ. ಆದರೆ ಉಳಿಸುವ ಪದರ ತೆಳು, ನಾಲ್ಕು ತಿಂಗಳ ಮಳೆಗೆ ಸಾಲದು. ತೋಟಾದ ಮೇಲಂತೂ ಬೀಳಬಾರದು, ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್‌ಗೆ ಇಳಿದರೆ ಈಡು ಹಾರದು.

ತೆಂಗಿನೆಣ್ಣೆಯ ಅಭ್ಯಾಸ ಹಳೆಯದು, ಬಿಡಿಸುವುದು ಕಷ್ಟ. ಡಿಸೆಂಬರ್‌ ಬೆಳಿಗ್ಗೆ ಸೀಸೆಯಲ್ಲಿ ಗಟ್ಟಿಯಾಗುವ ಎಣ್ಣೆ ಸ್ಪ್ರಿಂಗ್ ಸಂದಿನಲ್ಲೂ ಗಟ್ಟಿಯಾಗುತ್ತದೆ, ಹಳೆಯದಾದರೆ ಜಿಗುಟು ಬೇರೆ. ಬೈಕಿನಿಂದ ಇಳಿಸಿದ ಕಪ್ಪು ಆಯಿಲ್‌ನಲ್ಲಿ ಆಮ್ಲವೂ ಮಸಿಯೂ ಇರುತ್ತವೆ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ಮರದ ಬಣ್ಣವನ್ನೂ ಎಬ್ಬಿಸುತ್ತದೆ. ಟ್ರಿಗರ್, ಹ್ಯಾಮರ್‌ಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಸಾಕು. ಕೋವಿ ಬಗ್ಗುವ ಕೀಲಿಗೆ ಚಿಟಿಕೆ ಗ್ರೀಸ್. ಮಳೆಗಾಲಕ್ಕೆ ನಳಿಗೆಯ ಒಳಗೂ ಹೊರಗೂ ಹೊಸ ಇಂಜಿನ್ ಆಯಿಲ್ ತೆಳ್ಳಗೆ ಸವರುತ್ತೇನೆ. ಹಾರಿಸುವ ಮೊದಲು ಒಳಗಿನದನ್ನು ಪೂರ್ತಿ ಒರೆಸಲೇಬೇಕು. ನಳಿಗೆಯಲ್ಲಿ ಎಣ್ಣೆ, ಗ್ರೀಸ್ ನಿಂತಿದ್ದರೆ ಒತ್ತಡ ಅಪಾಯಕ್ಕೆ ಏರಬಹುದು.

ಘಟ್ಟದ ಕೆಳಗೆ, ಕುಮಟಾದಲ್ಲಿರುವ ನನ್ನ ಭಾವನ ಕೋವಿಗೆ ಈ ಲೆಕ್ಕ ಸಾಲದು. ಅಲ್ಲಿ ಗಾಳಿಯೇ ಉಪ್ಪು. ವಾರಕ್ಕೊಮ್ಮೆ ಎಣ್ಣೆ ಬಟ್ಟೆ ಆಡಿಸಲು ಅವನಿಗೆ ಹೇಳಿದ್ದೇನೆ. ಚರ್ಮದ ಚೀಲದಲ್ಲಿ ಇಡುವುದನ್ನೂ ಬಿಡಿಸಿದ್ದೇನೆ, ಚೀಲ ತೇವ ಹಿಡಿದಿಡುತ್ತದೆ. ನಮ್ಮ ಕಡೆಯ ಶತ್ರು ಬೇರೆ: ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತು. ಅದನ್ನು ಕಲಸಿದ ಕೈಯಲ್ಲಿ ನಳಿಗೆ ಹಿಡಿಯಬೇಡಿ, ತಾಮ್ರದ ಕಲೆ ಬಿದ್ದು ಅಲ್ಲಿಂದಲೇ ಕಬ್ಬಿಣ ಕೊರೆಯಲು ತೊಡಗುತ್ತದೆ.

ಎಣ್ಣೆ ಹಾಕಿದ ಕೋವಿಯನ್ನು ಒಂದೆರಡು ದಿನ ಬಾಯಿ ಕೆಳಗಾಗಿ, ಬಟ್ಟೆಯ ಮೇಲೆ ನಿಲ್ಲಿಸಿ. ಇಲ್ಲದಿದ್ದರೆ ಎಣ್ಣೆ ಹಿಂದಕ್ಕಿಳಿದು ಹಿಡಿಯ ಮರ ಮೆದುವಾಗುತ್ತದೆ. ಮರಕ್ಕೆ ಅಗಸೆ ಎಣ್ಣೆಯೇ ಸೈ. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತುವುದುಂಟು, ಹರಡಿ ಒಣಗಿಸಿ.

ಚುನಾವಣೆಗೆ ಕೋವಿಯನ್ನು ಠಾಣೆಯಲ್ಲಿ ಇಡಬೇಕಾಗಿ ಬಂದಾಗ ಪದರ ಕೊಂಚ ದಪ್ಪಗಿರಲಿ. ಅಲ್ಲಿ ನಿಮ್ಮ ಪರವಾಗಿ ಯಾರೂ ಒರೆಸುವುದಿಲ್ಲ.